ಅಮ್ಮನ ಮಾತ್ರೆ ಚೀಟಿ, ಮಗಳ ತೆರಿಗೆ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಜುಲೈ ಬಂತೆಂದರೆ ತೆರಿಗೆ ಸಲಹೆಗಾರನಾದ ನನ್ನ ಮೇಜಿನೆದುರು ಒಂದು ಪ್ರಶ್ನೆ ತಪ್ಪದೆ ಬಂದು ಕೂರುತ್ತದೆ. "ಸಾರ್, ಊರಲ್ಲಿರೋ ಅಪ್ಪ-ಅಮ್ಮಂಗೆ ತಿಂಗಳು ತಿಂಗಳು ದುಡ್ಡು ಕಳಿಸ್ತೀನಿ. ಟ್ಯಾಕ್ಸಲ್ಲಿ ಕಳೀಬಹುದಾ?" ಆಗಲ್ಲ ಅಂದರೆ ಮುಖ ಸಣ್ಣದಾಗುತ್ತದೆ. ತಮಾಷೆ ನೋಡಿ. ಹೆತ್ತವರನ್ನು ಮಕ್ಕಳು ಸಾಕಲೇಬೇಕು ಅಂತ 2007ರಲ್ಲೇ ಕಾಯ್ದೆ ಬಂತು. ಸಾಕದಿದ್ದರೆ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿ ಅಂತ ನ್ಯಾಯಮಂಡಳಿ ಆದೇಶ ಮಾಡಬಹುದು. ಆದರೆ ಅಕ್ಕಿ-ಬೇಳೆಗೆ, ಕರೆಂಟ್ ಬಿಲ್ಲಿಗೆ ಕೊಟ್ಟ ದುಡ್ಡು ಆದಾಯ ತೆರಿಗೆಯವರ ಲೆಕ್ಕಕ್ಕಿಲ್ಲ. ಅವರು ಮುಖ್ಯವಾಗಿ ನೋಡುವುದು ಕಾಯಿಲೆ-ಕಸಾಲೆಯ ಖರ್ಚನ್ನು.

ಅದೂ ಈಗಿರುವ ಎರಡು ತೆರಿಗೆ ಪದ್ಧತಿಗಳಲ್ಲಿ ಹಳೆಯದನ್ನು ಆರಿಸಿಕೊಂಡಿದ್ದರೆ. ಹೊಸ ಪದ್ಧತಿಯಲ್ಲಿ ನಾನು ಈಗ ಹೇಳುವ ಕಡಿತಗಳು, ಅಂದರೆ ತೆರಿಗೆ ಹಾಕುವ ಮೊದಲು ಆದಾಯದಿಂದ ಕಳೆಯುವ ಮೊತ್ತಗಳು, ಯಾವುವೂ ಇಲ್ಲ. 2026ರ ಮಾರ್ಚ್‌ಗೆ ಮುಗಿದ ವರ್ಷಕ್ಕೆ 12 ಲಕ್ಷದವರೆಗಿನ ಆದಾಯಕ್ಕೆ, ಸಂಬಳದವರಾದರೆ ಹನ್ನೆರಡು ಮುಕ್ಕಾಲು ಲಕ್ಷದವರೆಗೆ, ಹೊಸ ಪದ್ಧತಿಯಲ್ಲಿ ತೆರಿಗೆಯೇ ಬೀಳುವುದಿಲ್ಲ. ಅಂಥವರು ಈ ಭಾಷಣ ಕೇಳುವ ಬದಲು ಕಾಫಿ ಕುಡಿದು ಬರಬಹುದು. ಅದಕ್ಕಿಂತ ಮೇಲಿರುವವರು, ಮನೆ ಸಾಲ, ಮನೆ ಬಾಡಿಗೆ ಎಲ್ಲ ಇರುವವರು, ಎರಡೂ ಕಡೆ ಲೆಕ್ಕ ಹಾಕಿ ನೋಡಬೇಕು.

ಹೋದ ವರ್ಷ ಒಬ್ಬರು ಕಾಲೇಜು ಉಪನ್ಯಾಸಕಿ ಬಂದಿದ್ದರು. ಕೈಯಲ್ಲೊಂದು ಹಳೇ ಬಿಸ್ಕತ್ ಡಬ್ಬಿ. ಮುಚ್ಚಳ ತೆಗೆದರೆ ಮೆಡಿಕಲ್ ಸ್ಟೋರಿನ ಚೀಟಿಗಳು, ನಾಲ್ಕಾಗಿ ಮಡಚಿ, ರಬ್ಬರ್ ಬ್ಯಾಂಡ್ ಹಾಕಿ. ಅಮ್ಮನಿಗೆ 74 ವರ್ಷ. ಸಕ್ಕರೆ ಕಾಯಿಲೆ, ಜೊತೆಗೆ ಹೃದಯದ ತೊಂದರೆ. ಆರೋಗ್ಯ ವಿಮೆ ಇಲ್ಲ. ಇಲ್ಲಿ ಆದಾಯ ತೆರಿಗೆ ಕಾಯ್ದೆಯ 80ಡಿ ಕಲಮು ಕೆಲಸಕ್ಕೆ ಬರುತ್ತದೆ. ಅರವತ್ತು ದಾಟಿದ ಅಪ್ಪ-ಅಮ್ಮನಿಗೆ ವಿಮೆ ಮಾಡಿಸಿದರೆ ಆ ಪ್ರೀಮಿಯಂ, ವಿಮೆಯೇ ಇಲ್ಲದಿದ್ದರೆ ಅವರ ಚಿಕಿತ್ಸೆಯ ಖರ್ಚು, ಎಲ್ಲ ಸೇರಿ ವರ್ಷಕ್ಕೆ 50,000ದವರೆಗೆ ಕಳೆಯಬಹುದು. ಈ ಉಪನ್ಯಾಸಕಿಗೆ ತಿಂಗಳಿಗೆ 4,200ರ ಮಾತ್ರೆ; ವರ್ಷಕ್ಕೆ 50,400. ಅಳತೆ ಮಾಡಿ ಹೊಲಿದ ಹಾಗಿತ್ತು!

ಆದರೆ ಒಂದೊಂದೇ ಚೀಟಿ ಬಿಡಿಸುತ್ತಾ ಹೋದರೆ ಮುಕ್ಕಾಲುಪಾಲು ಕ್ಯಾಷ್. 80ಡಿಯಲ್ಲಿ ನಗದು ನಡೆಯುವುದಿಲ್ಲ. ಚೆಕ್, ಕಾರ್ಡ್, ಯುಪಿಐ ಆಗಬೇಕು. ಮುಂಜಾಗ್ರತೆಯ ಹೆಲ್ತ್ ಚೆಕಪ್‌ಗೆ ಮಾತ್ರ, ಅದೂ 5,000ದ ಮಿತಿಯಲ್ಲಿ, ನೋಟು ಎಣಿಸಿ ಕೊಟ್ಟರೂ ಸರಿ. ಕೆಲವು ಚೀಟಿಗಳ ಶಾಯಿ ಹಾರಿಹೋಗಿ ಬರೀ ಬಿಳಿ ಕಾಗದ ಉಳಿದಿತ್ತು. ಕೊನೆಗೆ ಕೈಗೆ ಸಿಕ್ಕಿದ್ದು 11,000. ಉಳಿದ 39,000ಕ್ಕೆ, ಅವರಿದ್ದ ಶೇಕಡಾ 30ರ ಹಂತದಲ್ಲಿ ಸೆಸ್ (ತೆರಿಗೆಯ ಮೇಲೆ ಹಾಕುವ ಉಪಕರ) ಸೇರಿ, ಹನ್ನೆರಡು ಸಾವಿರ ಚಿಲ್ಲರೆ ತೆರಿಗೆ ಕಟ್ಟಿದರು.

ಇನ್ನೊಂದು ಯಡವಟ್ಟು: ಅವರ ತಮ್ಮನೂ ದುಡ್ಡು ಕಳಿಸುತ್ತಾನೆ, ಅಮ್ಮನ ಖಾತೆಗೆ. ಅಮ್ಮ ಅದರಿಂದ ಆಸ್ಪತ್ರೆಗೆ ಕಟ್ಟುತ್ತಾರೆ. ಆಗ ಕಟ್ಟಿದ್ದು ಅಮ್ಮ ಅಂತಾಯಿತು, ಮಗನ ಲೆಕ್ಕಕ್ಕೆ ಬರುವುದಿಲ್ಲ. ಯಾರ ಖಾತೆಯಿಂದ ಅಂಗಡಿಗೋ ಆಸ್ಪತ್ರೆಗೋ ಹಣ ಹೋಯಿತೋ ಕಡಿತ ಅವರಿಗೆ. ಮದುವೆಯಾದ ಮಗಳಿಗೂ ಸಿಗುತ್ತದೆ, ಪಿಂಚಣಿ ಬರುವ ಅಪ್ಪನ ಹೆಸರಲ್ಲೂ ಸಿಗುತ್ತದೆ. ಅತ್ತೆ-ಮಾವನ ಹೆಸರಲ್ಲಿ ಮಾತ್ರ ಇಲ್ಲ. ಅತ್ತೆಗೆ ಹೊತ್ತುಹೊತ್ತಿಗೆ ಮಾತ್ರೆ ಕೊಡುವವಳು ಸೊಸೆಯಾದರೂ, ಅವಳೇ ತನ್ನ ಸಂಬಳದಿಂದ ಬಿಲ್ ಕಟ್ಟಿದರೂ, ಕಾನೂನಿಗೆ ಅವಳು ಕಾಣಿಸುವುದಿಲ್ಲ. ನನಗಂತೂ ಇದು ಸರಿ ಕಂಡಿಲ್ಲ.

ದೊಡ್ಡ ಕಾಯಿಲೆಗಳಿಗೆ ಬೇರೆ ಕಲಮು, 80ಡಿಡಿಬಿ. ಕ್ಯಾನ್ಸರ್, ದೀರ್ಘಕಾಲದ ಮೂತ್ರಪಿಂಡ ವೈಫಲ್ಯ, ಪಾರ್ಕಿನ್ಸನ್, ಮರೆವಿನ ಕಾಯಿಲೆ ಇಂಥವಕ್ಕೆ, ಹಿರಿಯರಾದರೆ, ಒಂದು ಲಕ್ಷದವರೆಗೆ. ತಜ್ಞ ವೈದ್ಯರ ಚೀಟಿ ಬೇಕು, ವಿಮೆಯಿಂದ ಬಂದದ್ದನ್ನು ಕಳೆಯಬೇಕು. ಲಕ್ವ ಹೊಡೆದೋ ಕಣ್ಣು ಹೋಗಿಯೋ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇದ್ದರೆ 80ಡಿಡಿ: ಖರ್ಚು ಎಷ್ಟೇ ಆಗಿರಲಿ ಇಡಿಯಾಗಿ 75,000, ಶೇಕಡಾ 80 ಅಥವಾ ಅದಕ್ಕಿಂತ ಹೆಚ್ಚಿದ್ದರೆ 1,25,000. ಈ ಎರಡರಲ್ಲೂ ತಂದೆ-ತಾಯಿ ನಿಮ್ಮನ್ನೇ ನಂಬಿಕೊಂಡಿರಬೇಕು. ಒಳ್ಳೇ ಪಿಂಚಣಿ ಬರುವ ಅಪ್ಪನಾದರೆ ಇಲ್ಲಿ ತಕರಾರು ಬರುತ್ತದೆ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಲ್ಲಿದೆ, ಅದರಲ್ಲಿ ಕಲಮುಗಳ ನಂಬರು ಬೇರೆ. ಮಾರ್ಚ್‌ವರೆಗಿನ ಲೆಕ್ಕ ಹಳೇ ನಂಬರಿನಲ್ಲೇ.

ಇನ್ನು, ಹೆತ್ತವರ ಹೆಸರಿಗೆ ದುಡ್ಡು ಹಾಕಿದರೆ ಅವರಿಗೆ ತೆರಿಗೆ ಬೀಳುತ್ತದೇನೋ ಅಂತ ಹೆದರುವವರಿದ್ದಾರೆ. ಇಲ್ಲ. ಮಕ್ಕಳು ಕೊಟ್ಟದ್ದು ಅವರ ಆದಾಯವಲ್ಲ. ಅದನ್ನು ಅಮ್ಮ ಎಫ್‌ಡಿ ಇಟ್ಟರೆ ಬಡ್ಡಿ ಅಮ್ಮನದೇ ಲೆಕ್ಕ, ನಿಮ್ಮ ಆದಾಯಕ್ಕೆ ಸೇರುವುದಿಲ್ಲ. ಹೆಂಡತಿಗೆ ಕೊಟ್ಟರೆ ಸೇರುತ್ತದೆ!

ಆ ಬಿಸ್ಕತ್ ಡಬ್ಬಿ ಈ ವರ್ಷವೂ ಬಂತು. ಒಂದೊಂದು ಚೀಟಿಗೂ ಜೆರಾಕ್ಸ್ ಪಿನ್ ಮಾಡಿತ್ತು. ಬೆನ್ನ ಮೇಲೆ ಪೆನ್ಸಿಲ್‌ನಲ್ಲಿ, ನಡುಗುವ ಅಕ್ಷರದಲ್ಲಿ, ತಾರೀಖು ಮತ್ತು "ಮಗಳು, ಫೋನಲ್ಲಿ" ಅಂತ. ಬರೆದವರು ಅಮ್ಮ. ಎರಡು ಚೀಟಿಯ ಮೇಲೆ ಮಾತ್ರ ಬೇರೆ ಇತ್ತು: "ನಾನೇ ಕೊಟ್ಟೆ, ಅವಳಿಗೆ ಹೇಳಿಲ್ಲ."

ನಮಸ್ಕಾರ.