ಹಾಲಿನ ಚೀಟಿಯ ಎರಡು ಅಂಕಿ

ಬೆಳಗಿನ ಐದೂವರೆ. ಹಾಸನದಿಂದ ಶಾಂತಿಗ್ರಾಮದ ಕಡೆಗಿರುವ ನಮ್ಮೂರು, ನಮ್ಮ ಕೊಟ್ಟಿಗೆ. ಚಿತ್ರ ಮಸುಕಾಗಿದ್ದರೆ ಕ್ಷಮಿಸಿ. ಕ್ಯಾಮೆರಾದ ದೀಪ ಹಾಕಿದ್ದೇ ತಡ, ಅವ್ವ ಗದರಿದಳು: “ಆರಿಸೋ ಅದನ್ನು! ಗೌರಿ ಬೆದರಿದರೆ ಹಾಲು ಏರಿಸಿಕೊಂಡುಬಿಡುತ್ತಾಳೆ.” ಜೀವಶಾಸ್ತ್ರ ಓದಿದವನ ಮಾತು ಕೊಟ್ಟಿಗೆಯಲ್ಲಿ ನಡೆಯುವುದಿಲ್ಲ.

ಒಂದು ಲೀಟರ್ ಹಾಲಿಗೆ ಸುಮಾರು 400ರಿಂದ 500 ಲೀಟರ್ ರಕ್ತ ಕೆಚ್ಚಲಿನ ಮೂಲಕ ಹರಿದುಹೋಗಬೇಕು. ಅಷ್ಟಾದರೂ ಬಕೆಟ್ಟಿಗೆ ಬೀಳುವುದು ಬಿಳಿ ಹಾಲು. ಹಾಲನ್ನು ಸ್ರವಿಸುವುದು ಒಂದೇ ಸಾಲು ಅನುಲೇಪಕ ಕೋಶಗಳು, ಅಂದರೆ ಕೆಚ್ಚಲಿನ ಒಳಗೋಡೆಗೆ ಹೊದಿಸಿದ ಕೋಶಗಳು. ಪ್ರತಿಯೊಂದಕ್ಕೂ ಹಿತ್ತಿಲ ಬಾಗಿಲು ರಕ್ತದ ಕಡೆಗೆ, ಮುಂಬಾಗಿಲು ಹಾಲಿನ ಕಡೆಗೆ. ಎರಡು ಕಡೆಯ ಪೊರೆಯೂ ಬೇರೆ ಬೇರೆ.

ತನ್ನ ಬೆನ್ನು, ಅಂದರೆ ಹಿತ್ತಿಲ ಕಡೆ, ಯಾವುದು ಎಂದು ಕೋಶಕ್ಕೆ ಗೊತ್ತಾಗುವುದು ಹೇಗೆ? ಇಲಿಯ ಸ್ತನಕೋಶಗಳನ್ನು ಬರೀ ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿದರೆ ಅವು ಚಪ್ಪಟೆಯಾಗಿ ಹಾಲಿನ ಕಸುಬನ್ನೇ ಮರೆಯುತ್ತವೆ. ಲ್ಯಾಮಿನಿನ್ ಎಂಬ ಪ್ರೋಟೀನ್ ತುಂಬಿದ ಮೆತ್ತನೆಯ ಹಾಸು ಕೊಟ್ಟರೆ ಅವೇ ಕೋಶಗಳು ಟೊಳ್ಳು ಗುಂಡುಗಳಾಗಿ, ಒಳಗಿನ ಟೊಳ್ಳಿಗೆ ಹಾಲಿನ ಪ್ರೋಟೀನ್ ಆದ ಕೇಸಿನ್ ಸುರಿಯುತ್ತವೆ. 1989ರಲ್ಲಿ ಜೀವವಿಜ್ಞಾನಿ ಮಿನಾ ಬಿಸೆಲ್ ತಂಡ ಇದನ್ನು ತೋರಿಸಿತು. ಹಾಸು ತಾಗಿದ ಕಡೆ ಬೆನ್ನು.

ಈಗ ಡೇರಿಯ ಮುಂದಿದ್ದೇವೆ. ಚೀಟಿ ನೋಡಿ: ಫ್ಯಾಟ್ 3.9, ಎಸ್‌ಎನ್‌ಎಫ್ 8.5 (ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿದ ಘನಾಂಶ). ನಮ್ಮೂರಿನ ಅರ್ಧ ಜಗಳಗಳಿಗೆ ಈ ಎರಡು ಅಂಕಿಯೇ ಮೂಲ. ನನಗೆ ಇವು ಒಂದೇ ಕೋಶದಿಂದ ಹೊರಬೀಳುವ ಎರಡು ದಾರಿಗಳಾಗಿ ಕಾಣುತ್ತವೆ. ಕೇಸಿನ್ ಮತ್ತು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್, ಕೋಶದೊಳಗಿನ ಪ್ಯಾಕಿಂಗ್ ಮನೆಯಾದ ಗಾಲ್ಗಿಯಲ್ಲಿ ಪೊರೆಯ ಚೀಲಗಳಿಗೆ ತುಂಬಿಕೊಳ್ಳುತ್ತವೆ. ಚೀಲ ಮುಂಬಾಗಿಲ ಪೊರೆಯಲ್ಲಿ ಬೆರೆತು ಒಳಗಿದ್ದುದನ್ನು ಸುರಿಯುತ್ತದೆ. ಕೊಬ್ಬಿನ ಹನಿ ಹಾಗಲ್ಲ, ಅದು ಅದೇ ಪೊರೆಯ ಒಂದು ತುಂಡನ್ನು ಹೊದ್ದುಕೊಂಡೇ ಹೊರಡುತ್ತದೆ. ಹೀಗೆ ಎಸ್‌ಎನ್‌ಎಫ್ ಹೊರಟಾಗ ಪೊರೆ ಜಮೆ, ಫ್ಯಾಟ್ ಹೊರಟಾಗ ಖರ್ಚು. ಡೇರಿ ಕಾರ್ಯದರ್ಶಿಗೆ ಹೇಳಿದೆ. “ಮುಂದಿನವರು ಬನ್ನಿ” ಎಂದರು.

ಕೋಶಗಳ ನಡುವಿನ ಬಿಗಿಯಾದ ಬೆಸುಗೆ ಸಡಿಲಿದರೆ ಲೆಕ್ಕವೆಲ್ಲ ತಪ್ಪುತ್ತದೆ. ಹೋದ ವರ್ಷ ಗೌರಿಗೆ ಕೆಚ್ಚಲು ಬಾವು ಬಂದಾಗ ಅವ್ವ ಒಂದು ಹನಿ ನಾಲಿಗೆಗೆ ತಾಗಿಸಿ “ಉಪ್ಪುಪ್ಪು” ಎಂದಳು. (ನೀವು ಹಾಗೆ ಮಾಡಬೇಡಿ.) ರಕ್ತದ ಸೋಡಿಯಂ, ಕ್ಲೋರೈಡ್ ಹಾಲಿಗೆ ಜಿನುಗಿದ್ದವು, ಲ್ಯಾಕ್ಟೋಸ್ ರಕ್ತಕ್ಕೆ ಸೋರಿತ್ತು. ಪಶುವೈದ್ಯರು ಬಂದು ಹೇಳಿದ್ದೂ ಅದನ್ನೇ.

ಮನೆಗೆ ಬಂದರೆ ಒಲೆಯ ಮೇಲೆ ಗಿಣ್ಣು. ಪಕ್ಕದ ಮನೆಯ ಹಸು ಕರು ಹಾಕಿದೆ. ಕರು ಕುಡಿದು ಮಿಕ್ಕಿದ್ದನ್ನು ಚಿಕ್ಕಮ್ಮ ತಂದುಕೊಟ್ಟಿದ್ದಾರೆ. ಈ ಹಾಲಿನ ರೋಗನಿರೋಧಕ ಪ್ರೋಟೀನುಗಳಲ್ಲಿ ಬಹುಪಾಲು ತಾಯಿಯ ರಕ್ತದಿಂದ ಬಂದವು. ಕೋಶ ಅವನ್ನು ಹಿತ್ತಿಲಲ್ಲಿ ಹಿಡಿದು, ಚೀಲದಲ್ಲಿಟ್ಟು, ಮನೆಯೊಳಗಿಂದ ಹಾಯಿಸಿ ಮುಂಬಾಗಿಲಲ್ಲಿ ಇಳಿಸುತ್ತದೆ. ಕರುವಿನ ಕರುಳು ಅವನ್ನು ಇಡಿಯಾಗಿ ಹೀರಿಕೊಳ್ಳುವುದು ಹೆಚ್ಚೆಂದರೆ ಮೊದಲ ಒಂದು ದಿನ. ನಮ್ಮ ಪಾಲಿಗೆ ಅವು ಬೆಲ್ಲ, ಏಲಕ್ಕಿಯ ಜೊತೆ ಹಬೆಯಲ್ಲಿ ಹೆಪ್ಪಾಗುತ್ತಿವೆ. ತಟ್ಟೆ ಅಲುಗಿಸಿದೆ, ನಡುವೆ ಇನ್ನೂ ತುಳುಕುತ್ತಿದೆ. “ಮುಚ್ಚೋ ಮುಚ್ಚಳ” ಎನ್ನುತ್ತಿದ್ದಾಳೆ ಅವ್ವ.