ಸಾಮಾನ್ಯ ಸವಾರಿ ಕುದುರೆಗೆ ಎಷ್ಟು ಬೆಲೆ ಹೇಳಬೇಕು?

ಬೆಂಗಳೂರಿನ ಸುತ್ತಮುತ್ತ ಕುದುರೆ ಸವಾರಿ ಕಲಿಸುವ ಲಾಯಗಳಿವೆ, ಸ್ವಂತಕ್ಕೊಂದು ಕುದುರೆ ಇಟ್ಟುಕೊಂಡ ಮನೆಗಳೂ ಇವೆ. ಅವರ ನಡುವೆ ಓಡಾಡುವ ಮಾರಾಟದ ಪ್ರಕಟಣೆಗಳನ್ನು ಗಮನಿಸುತ್ತ ಬಂದವರಿಗೆ ಒಂದು ಸಂಗತಿ ತಪ್ಪದೆ ಕಾಣುತ್ತದೆ. ಮುಂಗಾರಿನಲ್ಲಿ ಮಾರಾಟಕ್ಕಿದ್ದ ಕುದುರೆ ಸಂಕ್ರಾಂತಿಯ ಹೊತ್ತಿಗೂ ಅದೇ ಚಿತ್ರ, ಅದೇ ಹೊಗಳಿಕೆ, ಅದೇ ಬೆಲೆಯೊಂದಿಗೆ ಅಲ್ಲೇ ಇರುತ್ತದೆ. ಕೊಳ್ಳುವವರಿಗೆ ಕುದುರೆಯ ಬೆಲೆ ಗೊತ್ತಿಲ್ಲವೆಂದು ಮಾಲೀಕರು ದೂರುತ್ತಾರೆ. ಬೆಲೆ ಗೊತ್ತಿಲ್ಲದಿರುವುದು ಹೆಚ್ಚಿನ ಸಂದರ್ಭಗಳಲ್ಲಿ ಮಾರುವವರಿಗೇ ಎಂಬುದು ನನ್ನ ಅಭಿಪ್ರಾಯ. ಇಂದಿನ ಮಾತು ಅದರ ಬಗ್ಗೆ.

ಮೊದಲು ಸಾಮಾನ್ಯ ಕುದುರೆ ಎಂದರೆ ಯಾವುದೆಂದು ಸ್ಪಷ್ಟಪಡಿಸಿಕೊಳ್ಳೋಣ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮೂರು ನಾಲ್ಕು ವರ್ಷ ರೇಸ್ ಓಡಿ, ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚಾಗಿ, 6ನೇ ವಯಸ್ಸಿಗೆ ಸವಾರಿಗೆ ಬಂದು, ಈಗ 10 ವರ್ಷ ತುಂಬಿರುವ, ಥರೋಬ್ರೆಡ್ ಎಂಬ ರೇಸ್ ತಳಿಯ ಒಂದು ಗೆಲ್ಡಿಂಗ್, ಅಂದರೆ ಬೀಜ ತೆಗೆಸಿದ ಗಂಡು ಕುದುರೆಯನ್ನು ಕಲ್ಪಿಸಿಕೊಳ್ಳಿ. ನಡಿಗೆ, ಟ್ರಾಟ್ ಎಂಬ ಕುಲುಕು ಓಟ, ಅದಕ್ಕಿಂತ ಚುರುಕಾದ ಕ್ಯಾಂಟರ್ ಓಟ ಮೂರರಲ್ಲೂ ಅದು ಸವಾರರ ಮಾತು ಕೇಳುತ್ತದೆ, 80 ಸೆಂಟಿಮೀಟರ್ ಎತ್ತರದ ತಡೆಯನ್ನು ತಕರಾರಿಲ್ಲದೆ ಹಾರುತ್ತದೆ, ರಸ್ತೆಯಲ್ಲಿ ಲಾರಿಯ ಹಾರ್ನ್ ಕೇಳಿದರೆ ಬೆದರುತ್ತದೆ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದಾಗ ಏರಿದ್ದಂಥ ಕುದುರೆಗಳ ಮಾರುಕಟ್ಟೆ ಬೇರೆಯೇ ಇದೆ. ಅಲ್ಲಿನ ಬೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿನ ಕುದುರೆಗೆ ಅಂಕಿ ಬರೆಯುವುದರಿಂದ ಯಾರಿಗೂ ಉಪಯೋಗವಿಲ್ಲ.

ಮಾರುವವರು ಬೆಲೆ ಕಟ್ಟುವ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ: ಕೊಂಡಾಗ ಕೊಟ್ಟ ಹಣ, ತರಬೇತುದಾರರಿಗೆ ತೆತ್ತ ಶುಲ್ಕ, ಓಟ್ಸ್, ಬೂಸಾ, ಒಣಹುಲ್ಲು, ಕುದುರೆ ಮಸಾಲೆ ಸೊಪ್ಪಿನ ಖರ್ಚು, ಐದಾರು ವಾರಕ್ಕೊಮ್ಮೆ ಬದಲಿಸಿದ ಲಾಳ, ಕುದುರೆ ನೋಡಿಕೊಳ್ಳುವ ಸೈಸನ ಸಂಬಳ, ವರ್ಷ ವರ್ಷ ಹಾಕಿಸಿದ ಧನುರ್ವಾಯುವಿನ ಲಸಿಕೆ, ಎಲ್ಲವನ್ನೂ ಕೂಡಿಸಿ, ಅದರ ಮೇಲೆ ಪ್ರೀತಿಗೆಂದು ಇನ್ನಷ್ಟು ಸೇರಿಸುವುದು. ಈ ಖರ್ಚಿಗೆ ಪ್ರತಿಯಾಗಿ ಅಷ್ಟು ವರ್ಷಗಳ ಸವಾರಿ ಅವರಿಗೆ ಆಗಲೇ ಸಿಕ್ಕಿದೆ. ಹತ್ತು ವರ್ಷ ಕಟ್ಟಿದ ಬಾಡಿಗೆಯನ್ನು ಮನೆ ಖಾಲಿ ಮಾಡುವ ದಿನ ಯಾರೂ ವಾಪಸು ಕೇಳುವುದಿಲ್ಲ. ವಂಶಾವಳಿಯ ಮಾತೂ ಹೀಗೆಯೇ. ತಂದೆ ಡರ್ಬಿ ಗೆದ್ದಿತ್ತು ಎಂಬುದು ಮರಿ ಹಾಕಿಸುವ ಸ್ಟಡ್ ಫಾರ್ಮಿನವರಿಗೆ ಬಹಳ ಮುಖ್ಯವಾದ ಸುದ್ದಿ. ಬೀಜ ತೆಗೆಸಿದ ಕುದುರೆಯ ವಿಷಯದಲ್ಲಿ ಅದು ಹೇಳಿಕೊಳ್ಳಲು ಚೆಂದ, ಅಷ್ಟೆ. ವಾರಾಂತ್ಯದಲ್ಲಿ ಸವಾರಿ ಮಾಡಬೇಕೆಂದಿರುವವರು ಅದಕ್ಕಾಗಿ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಕಾಗಿಲ್ಲ.

ಹಾಗಾದರೆ ಕೊಳ್ಳುವವರು ಯಾವುದಕ್ಕೆ ಹಣ ಕೊಡುತ್ತಾರೆ? ನನ್ನ ಲೆಕ್ಕದಲ್ಲಿ ಸಾಮಾನ್ಯ ಕುದುರೆಯ ಬೆಲೆಯನ್ನು ನಿರ್ಧರಿಸುವ ಮೊದಲ ಪ್ರಶ್ನೆ, ಅದನ್ನು ಎಷ್ಟು ಜನ ನಿರ್ಭಯವಾಗಿ ಏರಬಲ್ಲರು ಎಂಬುದು. ಮಾಲೀಕರೊಬ್ಬರೇ ಏರಬಲ್ಲ ಚುರುಕಿನ ಕುದುರೆಗೆ ಇರುವ ಗಿರಾಕಿಯೂ ಒಬ್ಬರೇ, ಅವರೇ ಈಗ ಅದನ್ನು ಮಾರುತ್ತಿದ್ದಾರೆ. ಕೊಳ್ಳಲು ಬರುವವರಲ್ಲಿ ಹೆಚ್ಚಿನವರು 14 ವರ್ಷದ ಮಗಳಿಗೆ ಕುದುರೆ ಹುಡುಕುತ್ತಿರುವ ತಂದೆ ತಾಯಿ, ಇಲ್ಲವೇ 30 ದಾಟಿದ ಮೇಲೆ ಸವಾರಿ ಕಲಿತ ಉದ್ಯೋಗಸ್ಥರು. ಕುದುರೆ ಕಂಡರೆ ಕಾಲುನೋವು ಎಂಬ ಗಾದೆಯಂತೆ ಅವರಿಗೆ ಆಸೆಯೇನೋ ಕ್ಷಣದಲ್ಲಿ ಹುಟ್ಟುತ್ತದೆ. ಆದರೆ ಚೆಕ್ ಬರೆಯುವ ಹೊತ್ತಿಗೆ ಬೀಳುವ ಭಯ ಮುಂದೆ ಬಂದು ನಿಲ್ಲುತ್ತದೆ. ಆದ್ದರಿಂದ ಬೆಲೆ ಬರೆಯುವ ಮೊದಲು, ಕುದುರೆಯ ಪರಿಚಯವಿಲ್ಲದ, ಸಾಧಾರಣ ಮಟ್ಟದ ಸವಾರರೊಬ್ಬರನ್ನು ಎರಡು ಬೇರೆ ಬೇರೆ ದಿನ ಅದರ ಮೇಲೆ ಕೂರಿಸಿ, ಬದಿಯಲ್ಲಿ ನಿಂತು ನೋಡುವುದು ಒಳ್ಳೆಯದು. ಅಲ್ಲಿ ಕಂಡದ್ದೇ ಮಾರುಕಟ್ಟೆಯ ಕಣ್ಣಿಗೂ ಬೀಳುತ್ತದೆ.

ಎರಡನೆಯದು ವಯಸ್ಸು. 7ರಿಂದ 12 ವರ್ಷದೊಳಗಿನ ಕುದುರೆಗೆ ಕೇಳುವವರು ಹೆಚ್ಚು. 15 ದಾಟಿತೆಂದರೆ ಅದು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಬೆಲೆ ಇಳಿಯುತ್ತದೆ. ಕುದುರೆ 25 ವರ್ಷ, ಕೆಲವೊಮ್ಮೆ 30 ವರ್ಷ ಬದುಕುವ ಪ್ರಾಣಿಯಾದ್ದರಿಂದ, ಕೊಳ್ಳುವವರು ಸವಾರಿಯ ವರ್ಷಗಳ ಜೊತೆಗೆ ಸವಾರಿ ನಿಂತ ಮೇಲೆ ಸಾಕಬೇಕಾದ ವರ್ಷಗಳನ್ನೂ ಎಣಿಸುತ್ತಾರೆ. ವಯಸ್ಸಿನ ವಿಷಯದಲ್ಲಿ ಜಾಣತನ ಮಾಡುವವರನ್ನು ಕಂಡರೆ ನನಗೆ ಆಶ್ಚರ್ಯವಾಗುತ್ತದೆ. ಥರೋಬ್ರೆಡ್ ಕುದುರೆಯ ಹುಟ್ಟು ಪುಣೆಯಲ್ಲಿರುವ ಸ್ಟಡ್ ಬುಕ್ ಅಥಾರಿಟಿಯ ದಾಖಲೆಯಲ್ಲಿರುತ್ತದೆ. ಕಾಗದವಿಲ್ಲದೆ ಜಾತ್ರೆಯಲ್ಲಿ ಕೊಂಡು ತಂದ ಮಾರ್ವಾಡಿ ಅಥವಾ ಕಾಠಿಯಾವಾಡಿ ತಳಿಯ ಕುದುರೆಯಾದರೆ ಹಲ್ಲೇ ಹೇಳಿಬಿಡುತ್ತದೆ: ಕೆಳದವಡೆಯ ಮುಂಬಲ್ಲುಗಳ ಮೇಲಿನ ಗುಳಿಗಳು 6ರಿಂದ 8 ವರ್ಷದೊಳಗೆ ಸವೆದು ಹೋಗುತ್ತವೆ, ಮೇಲ್ದವಡೆಯ ಮೂಲೆಯ ಮುಂಬಲ್ಲಿನಲ್ಲಿ ಸುಮಾರು 10ರ ಹೊತ್ತಿಗೆ ಉದ್ದನೆಯ ಗೆರೆಯೊಂದು ಕಾಣಿಸಿಕೊಳ್ಳತೊಡಗುತ್ತದೆ. ದಾನಕ್ಕೆ ಬಂದ ಎತ್ತಿನ ಹಲ್ಲು ಎಣಿಸಬಾರದು ನಿಜ, ಆದರೆ ದುಡ್ಡು ಎಣಿಸಿ ಕೊಡುವವರು ಹಲ್ಲನ್ನೂ ಎಣಿಸಿಯೇ ಎಣಿಸುತ್ತಾರೆ. ಕೆಲವರು ಸುಳಿಯನ್ನೂ ನೋಡುತ್ತಾರೆ. ಸುಳಿಯ ಶುಭಾಶುಭಗಳಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಹತ್ತು ಗಿರಾಕಿಗಳಲ್ಲಿ ಮೂವರು ಅದನ್ನು ನೋಡಿ ಹಿಂದೆ ಸರಿಯುವುದಾದರೆ ಬೆಲೆಯ ಮೇಲೆ ಪರಿಣಾಮ ಬೀರುವುದು ಅವರ ನಂಬಿಕೆಯೇ ಹೊರತು ನನ್ನ ಅಪನಂಬಿಕೆಯಲ್ಲ.

ಮೂರನೆಯದು ಕಾಲು, ಮತ್ತು ಇಲ್ಲಿ ಸ್ವಲ್ಪ ನಿಲ್ಲಬೇಕು. ರೇಸಿನಿಂದ ಬಂದ ಕುದುರೆಗಳಲ್ಲಿ ಮುಂಗಾಲಿನ ಹಿಂಬದಿಯ ಸ್ನಾಯುರಜ್ಜು ಒಮ್ಮೆ ಪೆಟ್ಟು ತಿಂದು ಮಾಗಿ, ದಪ್ಪಗೆ ಬಾಗಿದಂತೆ ಉಳಿದಿರುವುದು ಅಪರೂಪವೇನಲ್ಲ. ಅಂಥ ಕುದುರೆ ಹದವಾದ ಸವಾರಿಗೆ ವರ್ಷಗಟ್ಟಲೆ ಒದಗಬಲ್ಲದು, ಎತ್ತರದ ತಡೆ ಹಾರಿಸುವ ಕೆಲಸಕ್ಕೆ ಮಾತ್ರ ಅನುಮಾನ. ಇದನ್ನು ಪ್ರಕಟಣೆಯಲ್ಲೇ, ಬೆಲೆಯ ಪಕ್ಕದಲ್ಲೇ ಬರೆಯಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಹೇಳಿದ ದೋಷ ಬೆಲೆಯನ್ನು ಒಂದಿಷ್ಟು ತಗ್ಗಿಸುತ್ತದೆ. ಪಶುವೈದ್ಯರು ಬಂದು ಕಾಲನ್ನು ಮಡಚಿ ಹಿಡಿದು, ಬಿಟ್ಟು, ತಕ್ಷಣ ಟ್ರಾಟ್ ಮಾಡಿಸಿ ಕಂಡುಹಿಡಿದ ದೋಷ ವ್ಯಾಪಾರವನ್ನೇ ಮುರಿಯುತ್ತದೆ, ಆ ಸುದ್ದಿ ಎಲ್ಲ ಲಾಯಗಳಿಗೂ ತಲುಪಲು ವಾರವೂ ಬೇಕಾಗುವುದಿಲ್ಲ. ನೋವಿನ ಔಷಧಿ ಕೊಟ್ಟು ಕುಂಟುವುದನ್ನು ಮರೆಮಾಡಿ ತೋರಿಸುವವರ ಬಗ್ಗೆ ಹೆಚ್ಚು ಹೇಳಲು ಇಷ್ಟವಿಲ್ಲ. ಅದು ಮೋಸ, ಮತ್ತು ರಕ್ತಪರೀಕ್ಷೆ ಮಾಡಿಸಿದರೆ ಸಿಕ್ಕಿಬೀಳುವ ಮೋಸ. ಲಾಯದ ಬಾಗಿಲನ್ನು ಕಚ್ಚಿ ಗಾಳಿ ನುಂಗುವ ಚಾಳಿ, ನಿಂತಲ್ಲೇ ತೂಗಾಡುವ ಚಾಳಿ ಇದ್ದರೂ ಅದೇ ಮಾತು ಅನ್ವಯಿಸುತ್ತದೆ. ಇದರ ಜೊತೆಗೆ ಗ್ಲ್ಯಾಂಡರ್ಸ್ ಪರೀಕ್ಷೆಯ ಹೊಸ ವರದಿಯೊಂದನ್ನು ಮೊದಲೇ ಮಾಡಿಸಿಟ್ಟುಕೊಳ್ಳುವುದು ಲಾಭದಾಯಕ. ಇದು ಮನುಷ್ಯರಿಗೂ ಹರಡುವ ರೋಗ, ದೃಢಪಟ್ಟ ಕುದುರೆಗೆ ದಯಾಮರಣವೇ ಗತಿ, ಹಾಗಾಗಿ ತಿಳಿದ ಗಿರಾಕಿ ಆ ವರದಿಯಿಲ್ಲದೆ ಮುಂದಿನ ಮಾತಿಗೆ ಬರುವುದಿಲ್ಲ.

ಈಗ ಅಂಕಿಗೆ ಬರೋಣ. ನಿಮ್ಮ ಕುದುರೆಗೆ ನಿಜವಾದ ಪೈಪೋಟಿ ಪಕ್ಕದ ಲಾಯದ ಪ್ರಕಟಣೆಯಿಂದ ಬರುವುದಿಲ್ಲ, ರೇಸ್ ಕೋರ್ಸಿನಿಂದ ನಿವೃತ್ತಿಯಾಗಿ ನೇರವಾಗಿ ಅಗ್ಗಕ್ಕೆ ಸಿಗುವ, ಇನ್ನೂ ಸವಾರಿಗೆ ಪಳಗದ ಕುದುರೆಯಿಂದ ಬರುತ್ತದೆ. ಅಂಥದ್ದೊಂದು 75,000 ರೂಪಾಯಿಗೆ ಸಿಗುತ್ತದೆ ಎಂದಿಟ್ಟುಕೊಳ್ಳೋಣ. ಅದನ್ನು ನಿಮ್ಮ ಕುದುರೆಯ ಮಟ್ಟಕ್ಕೆ ತರಲು 6 ತಿಂಗಳು ಬೇಕು, ತರಬೇತಿ ಸೇರಿ ತಿಂಗಳಿಗೆ 25,000 ಖರ್ಚು ಎಂದುಕೊಂಡರೆ ಒಂದೂವರೆ ಲಕ್ಷವಾಯಿತು, ಒಟ್ಟು 2,25,000. ಪಳಗಿಸುವ ಹೊತ್ತಿಗೆ ಕುದುರೆ ಕೆಡಬಹುದು, ಸವಾರರು ಬೀಳಬಹುದು ಎಂಬ ಆತಂಕ ತಪ್ಪಿದ್ದಕ್ಕೆ ಇನ್ನೊಂದು 25,000 ಸೇರಿಸಿ. ಎರಡೂವರೆ ಲಕ್ಷ, ಇದು ನಿಮ್ಮ ಕುದುರೆಯ ಬೆಲೆ. ಈ ಅಂಕಿಗಳು ನಾನು ಉದಾಹರಣೆಗೆ ಹಿಡಿದವು. ನಿಮ್ಮ ಊರಿನ, ನಿಮ್ಮ ಲಾಯದ ಅಂಕಿಗಳನ್ನು ಅವುಗಳ ಜಾಗದಲ್ಲಿಟ್ಟು ಇದೇ ಲೆಕ್ಕ ಮಾಡಿಕೊಳ್ಳಿ. ಪ್ರಕಟಣೆಗಳಲ್ಲಿ ಕಾಣುವುದು ಜನ ಕೇಳುತ್ತಿರುವ ಬೆಲೆ. ಯಾವ ಕುದುರೆ ಕೊನೆಗೆ ಎಷ್ಟಕ್ಕೆ ಹೋಯಿತೆಂಬುದು ಬೇಕಿದ್ದರೆ, ಹತ್ತು ಲಾಯ ಸುತ್ತುವ ಲಾಳ ಕಟ್ಟುವವರನ್ನೋ ತರಬೇತುದಾರರನ್ನೋ ಕೇಳಬೇಕು.

ಆ ಎರಡೂವರೆ ಲಕ್ಷದ ಕುದುರೆಗೆ 4 ಲಕ್ಷ ಹೇಳಿದರೆ ಏನಾಗುತ್ತದೆ? ಇಳಿಸಿದರಾಯಿತು, ಹೇಳುವುದಕ್ಕೇನು ಎಂಬ ವಾದ ಪ್ರಚಲಿತವಾಗಿದೆ. ಹೇಳುವುದಕ್ಕೂ ಖರ್ಚಿದೆ. ಮಾರಾಟವಾಗದ ಕುದುರೆ ದಿನವೂ ಹತ್ತಿರ ಹತ್ತಿರ ಎಂಟೊಂಬತ್ತು ಕಿಲೋ ಮೇವು ತಿನ್ನುತ್ತದೆ. 6 ತಿಂಗಳು ಕಾದು ಕೊನೆಗೆ ಎರಡೂವರೆ ಲಕ್ಷಕ್ಕೇ ಮಾರಿದರೆ, ಆ ತಿಂಗಳುಗಳ ಒಂದೂವರೆ ಲಕ್ಷ ಕಳೆದು ಕೈಯಲ್ಲಿ ಉಳಿಯುವುದು 1 ಲಕ್ಷ. ಅಷ್ಟರಲ್ಲಿ ಹೇಗೂ ಮಾರುವ ಕುದುರೆ ಎಂದು ಸವಾರಿ ಕಡಿಮೆಯಾಗಿ, ಅದರ ಮೈಕಟ್ಟು ಸಡಿಲಗೊಂಡು, ನೋಡಲು ಬಂದವರೆದುರು ಅದು ಕುಣಿದಾಡತೊಡಗಿರುತ್ತದೆ. ಇಷ್ಟು ದಿನ ಏಕೆ ಹೋಗಲಿಲ್ಲ, ಏನೋ ಐಬಿರಬೇಕು ಎಂಬ ಅನುಮಾನ ಬೇರೆ.

ದನದ ಜಾತ್ರೆಗಳಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮಾತಾಡುವ ಪದ್ಧತಿ ನಮ್ಮಲ್ಲಿದೆ, ಅದಕ್ಕೊಂದು ಸೊಗಸೂ ಇದೆ. ಆದರೆ ಅಲ್ಲಿ ಇಬ್ಬರಿಗೂ ಎತ್ತಿನ ಬೆಲೆ ಅಂದಾಜಿರುತ್ತದೆ. ಬೆಲೆಗಾಗಿ ಕರೆ ಮಾಡಿ ಎಂದು ಬರೆಯುವ ಕುದುರೆ ಮಾಲೀಕರು ಅಂದಾಜೇ ಇಲ್ಲದ ಗಿರಾಕಿಯನ್ನು ಹೆದರಿಸುತ್ತಾರೆ. ಎರಡೂವರೆ ಲಕ್ಷ ಬೇಕಿದ್ದರೆ 2,75,000 ಎಂದು ಬರೆಯಿರಿ, ಚೌಕಾಸಿಗೆ ಅಷ್ಟು ಜಾಗ ಸಾಕು. ಜೀನು, ಕಡಿವಾಣ ಬೆಲೆಯೊಳಗೆ ಸೇರಿದೆಯೋ ಇಲ್ಲವೋ ಎಂಬುದನ್ನೂ ಬರೆಯಿರಿ. ಒಂದು ತಿಂಗಳಲ್ಲಿ ಯಾರೂ ನೋಡಲೇ ಬರದಿದ್ದರೆ ಬೆಲೆ ಇಳಿಸಬೇಕು. ಹಲವರು ಬಂದು, ಏರಿ, ಹಿಂತಿರುಗಿದ್ದರೆ ಬೆಲೆಯನ್ನು ಮುಟ್ಟುವ ಮೊದಲು ಕುದುರೆಯನ್ನೊಮ್ಮೆ ಗಮನಿಸಬೇಕು. ತೀರಾ ಅಗ್ಗದ ಬೆಲೆಯನ್ನೂ ನಾನು ಒಪ್ಪುವುದಿಲ್ಲ, ಏಕೆಂದರೆ ಅದಕ್ಕೆ ಮೊದಲು ಓಗೊಡುವವರು ದಲ್ಲಾಳಿಗಳು, ಮತ್ತು ಅವರ ಕೈಯಿಂದ ಕುದುರೆ ಮುಂದೆ ಯಾವ ಮೆರವಣಿಗೆಯ ಗಾಡಿಗೆ ಹೋಗುತ್ತದೆ ಎಂದು ನಿಮಗೆ ತಿಳಿಯುವುದಿಲ್ಲ.

ಇನ್ನು 18 ದಾಟಿದ, ಒಂದು ಕಾಲು ಎಳೆಯುವ ಕುದುರೆಯಿದ್ದರೆ, ಅದರ ವಾಸ್ತವಿಕ ಬೆಲೆ ಸೊನ್ನೆ ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ಅಂಥದ್ದನ್ನು 40,000ಕ್ಕೆ ಅಪರಿಚಿತರಿಗೆ ಮಾರುವ ಬದಲು, ಗುರುತಿನ ಮನೆಗೆ ಹಣ ಪಡೆಯದೆ ಕೊಟ್ಟು, ಮುಂದೆ ಬೇರೆಯವರಿಗೆ ದಾಟಿಸುವಂತಿಲ್ಲ, ಸಾಕಲಾಗದಿದ್ದರೆ ನಿಮಗೇ ಮರಳಿಸಬೇಕು ಎಂಬ ಎರಡು ಷರತ್ತುಗಳನ್ನು ಕಾಗದದ ಮೇಲೆ ಬರೆಸಿ, ಸಹಿ ಹಾಕಿಸಿಕೊಳ್ಳಿ.