ಪಣಜಿಯ ಅರ್ಧ ಕತೆ ನಮ್ಮ ಕಡೆಯೇ ಇದೆ

ಎಲ್ಲರಿಗೂ ನಮಸ್ಕಾರ.

ಗೋವಾಕ್ಕೆ ಒಮ್ಮೆಯೂ ಹೋಗದವರು ಈ ಸಭೆಯಲ್ಲಿ ಕಡಿಮೆ ಅಂದುಕೊಳ್ಳುತ್ತೇನೆ. ಶುಕ್ರವಾರ ರಾತ್ರಿ ಬಸ್ ಹತ್ತಿದರೆ ಶನಿವಾರ ಬೆಳಿಗ್ಗೆ ಪಣಜಿ. ಫೊಂಟೈನ್ಯಾಸ್ ಬೀದಿಯ ಹಳದಿ ಗೋಡೆ ಮುಂದೆ ಒಂದು ಫೋಟೋ, ಸಂಜೆ ಮಾಂಡೋವಿ ನದಿಯಲ್ಲಿ ದೋಣಿ. ಇದರಲ್ಲಿ ತಪ್ಪೇನೂ ಇಲ್ಲ, ಆ ಬೀದಿಗಳು ನಿಜಕ್ಕೂ ಚೆಂದ. ಆದರೆ ಇತಿಹಾಸ ಅಂದ ಕೂಡಲೇ ನಾವು ಪೋರ್ಚುಗೀಸರು ಬಂದರು, ಚರ್ಚ್ ಕಟ್ಟಿದರು, 1961ರಲ್ಲಿ ಹೋದರು ಅಂತ ಮುಗಿಸಿಬಿಡುತ್ತೇವೆ, ಅಲ್ವಾ? ಆ ಕತೆಯಲ್ಲಿ ನಮ್ಮ ಕಡೆಯವರು ಮೊದಲ ದಿನದಿಂದಲೂ ಇದ್ದಾರೆ. ಕರೆದುಕೊಂಡು ಬಂದವರಲ್ಲಿ ಇದ್ದಾರೆ, ಸೋತವರಲ್ಲಿ ಇದ್ದಾರೆ. ಅಲ್ಲಿಂದ ತಪ್ಪಿಸಿಕೊಂಡು ಬಂದವರ ಮೊಮ್ಮಕ್ಕಳು ಇವತ್ತಿಗೂ ನಮ್ಮ ಕರಾವಳಿಯಲ್ಲಿ, ನಮ್ಮ ಘಟ್ಟದ ಕಾಡುಗಳಲ್ಲಿ ಇದ್ದಾರೆ. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಅವರ ಬಗ್ಗೆ.

ಪಣಜಿಯ ನದಿ ದಂಡೆಯಲ್ಲಿ ಹಳೆಯ ಸೆಕ್ರೆಟರಿಯೇಟ್ ಕಟ್ಟಡ ಇದೆ. ಇಳಿಜಾರು ಹೆಂಚಿನ ಮಾಡು, ಉದ್ದನೆಯ ಬಿಳಿ ಗೋಡೆ. ನೋಡಿದವರು ಪೋರ್ಚುಗೀಸರದ್ದು ಅಂತಾರೆ. ಆದರೆ ಆ ಜಾಗದಲ್ಲಿ ಮೊದಲು ಅರಮನೆ ಕಟ್ಟಿಸಿದ್ದು ಬಿಜಾಪುರದ ಯೂಸುಫ್ ಆದಿಲ್ ಶಾಹ್. ಆಗ ಪಣಜಿ ಅಂದರೆ ಈ ಕೋಟೆಮನೆ, ಸುತ್ತ ಒಂದಿಷ್ಟು ಮೀನುಗಾರರ ಗುಡಿಸಲು, ಉಳಿದಂತೆ ಜೌಗು ನೆಲ. ದೊಡ್ಡ ಪಟ್ಟಣ ಇದ್ದದ್ದು ನದಿಯಲ್ಲಿ ಇನ್ನೂ ಮೇಲಕ್ಕೆ, ಈಗ ನಾವು ಹಳೇ ಗೋವಾ ಅನ್ನುವ ಕಡೆ.

1510ರಲ್ಲಿ ಪೋರ್ಚುಗೀಸರ ನಾಯಕ ಅಫೊನ್ಸೊ ಅಲ್ಬುಕರ್ಕ್ ತನ್ನ ಹಡಗುಗಳ ಜೊತೆ ಪಶ್ಚಿಮದ ಕಡೆ, ಕೆಂಪು ಸಮುದ್ರಕ್ಕೆ ಹೊರಟಿದ್ದ. ಗೋವಾ ಅವನ ತಲೆಯಲ್ಲಿ ಇರಲಿಲ್ಲ. ದಾರಿಯಲ್ಲಿ ಅವನನ್ನು ಭೇಟಿಯಾಗಿ, ಅಲ್ಲಿಗೆ ಹೋಗಬೇಡ, ಗೋವಾಕ್ಕೆ ನುಗ್ಗು, ಈಗಲೇ ಸರಿಯಾದ ಸಮಯ ಅಂದವನು ಹೊನ್ನಾವರದ ತಿಮ್ಮಯ್ಯ. ಪೋರ್ಚುಗೀಸ್ ಬರಹಗಳಲ್ಲಿ ಇವನು ತಿಮೋಜ. ವಿಜಯನಗರದ ನೆರಳಿನಲ್ಲಿ ಬೆಳೆದ ಹಡಗುಪಡೆಯ ನಾಯಕ. ಕುದುರೆ ವ್ಯಾಪಾರದ ಲಾಭವೆಲ್ಲ ಗೋವಾ ಬಂದರಿನ ಮೂಲಕ ಬಿಜಾಪುರದ ಕಡೆ ಹೋಗುತ್ತಿದ್ದ ಕಾಲ ಅದು, ವಿಜಯನಗರಕ್ಕೂ ಅದೇ ಹೊಟ್ಟೆಕಿಚ್ಚು. ತಿಮ್ಮಯ್ಯನಿಗೆ ತನ್ನದೇ ಲೆಕ್ಕಗಳೂ ಇದ್ದವು. ಗೋವಾ ಗೆದ್ದ ಮೇಲೆ ಕಂದಾಯ ವಸೂಲಿಯ ಅಧಿಕಾರವೂ ಅವನಿಗೆ ಸಿಕ್ಕಿತು. ಅವನನ್ನು ದ್ರೋಹಿ ಅಂತ ಬೈಯುವುದು ಸುಲಭ. ಆ ಕಾಲದಲ್ಲಿ ಅಲ್ಬುಕರ್ಕ್ ಅಂದರೆ ಹಡಗು, ತೋಪು ಇರುವ ಇನ್ನೊಬ್ಬ ಪಾಳೆಗಾರ ಅಷ್ಟೇ. ಈ ಜನ 451 ವರ್ಷ ಇಲ್ಲೇ ಕೂರುತ್ತಾರೆ ಅಂತ ಯಾರಿಗೂ ಅಂದಾಜು ಇರಲಿಲ್ಲ.

ಮೊದಲ ಸಲ ಗೋವಾ ಸುಲಭವಾಗಿ ಸಿಕ್ಕಿತು. ಮೇ ತಿಂಗಳ ಹೊತ್ತಿಗೆ ಬಿಜಾಪುರದ ಸೈನ್ಯ ಬಂದು ಅವರನ್ನು ಹೊರಗೆ ಹಾಕಿತು. ಅಷ್ಟರಲ್ಲಿ ಮಳೆಗಾಲ ಶುರು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಅಳಿವೆ ದಾಟಿ ಸಮುದ್ರಕ್ಕೆ ಇಳಿಯುವುದು ಹೇಗಿರುತ್ತದೆ ಅಂತ ಕಾರವಾರ, ಹೊನ್ನಾವರದವರಿಗೆ ಹೇಳಬೇಕಿಲ್ಲ. ಹಡಗುಗಳು ಮಾಂಡೋವಿ ನದಿಯೊಳಗೇ ಸಿಕ್ಕಿಹಾಕಿಕೊಂಡವು. ದಂಡೆಯಿಂದ ಗುಂಡು, ಹಡಗಿನಲ್ಲಿ ಹಸಿವು. ಇಲಿ ಹಿಡಿದು ತಿಂದರು ಅಂತ ಅವರದೇ ಚರಿತ್ರೆಕಾರರು ಬರೆದಿದ್ದಾರೆ. ಊಟಕ್ಕಾಗಿ ಅವರು ನುಗ್ಗಿದ್ದು ಇದೇ ಪಣಜಿ ಕೋಟೆಗೆ. ಮಳೆಯ ಜೋರು ಇಳಿದ ಮೇಲೆ ಹೊರಗೆ ಹೋಗಿ, ಹೊಸ ಪಡೆ ಕೂಡಿಸಿಕೊಂಡು ನವೆಂಬರ್ 25ರಂದು ಮತ್ತೆ ಗೆದ್ದರು. ಗೆದ್ದ ಮೇಲೆ ಊರಿನ ಮುಸ್ಲಿಮರನ್ನು, ಹೆಂಗಸರು ಮಕ್ಕಳು ಅನ್ನದೆ, ಕೊಲ್ಲಿಸಿದ್ದನ್ನು ಅಲ್ಬುಕರ್ಕ್ ತನ್ನ ರಾಜನಿಗೆ ಪತ್ರ ಬರೆದು ತಿಳಿಸಿದ. ಗೋವಾದ ಪೋರ್ಚುಗೀಸ್ ಕಾಲ ಶುರುವಾದದ್ದು ಹೀಗೆ.

ಮುಂದೆ ಹಳೇ ಗೋವಾ ಪೂರ್ವದ ಅತಿ ದೊಡ್ಡ ಪಟ್ಟಣಗಳಲ್ಲಿ ಒಂದಾಯಿತು. ಆ ವೈಭವದ ಬಗ್ಗೆ ಗೈಡುಗಳು ಬೇಕಾದಷ್ಟು ಹೇಳುತ್ತಾರೆ, ನಾನು ಅದನ್ನು ಬಿಡುತ್ತೇನೆ.

ನನಗೆ ಮುಖ್ಯ ಅನ್ನಿಸುವುದು ನದಿ ದಾಟಿದವರು. 1540ರಿಂದ ಮುಂದೆ ದೇವಸ್ಥಾನಗಳನ್ನು ಒಡೆಯುವುದು ಶುರುವಾಯಿತು. ಮೊದಲು ಪಣಜಿ, ಹಳೇ ಗೋವಾ ಇರುವ ತೀಸ್ವಾಡಿ ದ್ವೀಪದಲ್ಲಿ, ಆಮೇಲೆ ಅದರ ದಕ್ಷಿಣದ ಸಾಷ್ಟಿ ಮತ್ತು ಉತ್ತರದ ಬಾರ್ದೇಶ ಸೀಮೆಗಳಲ್ಲಿ. 1560ರಲ್ಲಿ ಇಂಕ್ವಿಸಿಷನ್ ಅನ್ನುವ ಧರ್ಮ ವಿಚಾರಣೆಯ ನ್ಯಾಯಾಲಯ ಬಂತು. ನಡುವೆ ಕೆಲವು ವರ್ಷ ಬಿಟ್ಟರೆ 1812ರ ತನಕ ನಡೆಯಿತು. ಜನ ದೇವರನ್ನು ಎತ್ತಿಕೊಂಡು ಜುವಾರಿ ನದಿ ದಾಟಿದರು. ಕುಶಸ್ಥಳಿಯ ಮಂಗೇಶ ಪ್ರಿಯೋಳಕ್ಕೆ ಬಂದ, ಕೆಳಶಿಯ ಶಾಂತಾದುರ್ಗೆ ಕವಳೆಗೆ ಬಂದಳು. ಎರಡೂ ಫೋಂಡಾ ಸೀಮೆಯ ಊರುಗಳು, ಆಗ ಬಿಜಾಪುರದ ಕೈಯಲ್ಲಿದ್ದವು. ಇದನ್ನು ಗಮನಿಸಿ. ಪೋರ್ಚುಗೀಸರಿಗೆ ಹೆದರಿ ಓಡಿದ ಹಿಂದೂ ದೇವರಿಗೆ ನೆಲೆ ಸಿಕ್ಕಿದ್ದು ಒಬ್ಬ ಸುಲ್ತಾನನ ನೆಲದಲ್ಲಿ. ನಮ್ಮ ಇತಿಹಾಸವನ್ನು ಬರೀ ಎರಡು ಬಣಗಳಾಗಿ ಹಂಚಲು ಹೊರಟವರಿಗೆ ಇದು ಕಷ್ಟ ಕೊಡುವ ಸಂಗತಿ.

ಆ ಸೀಮೆ ಆಮೇಲೆ ನಮ್ಮ ಶಿರಸಿ ಪಕ್ಕದ ಸೋದೆ ಅರಸರ ಕೈಗೆ ಬಂತು. ಹೈದರಾಲಿ 1763ರಲ್ಲಿ ಬಿದನೂರು ಗೆದ್ದು ಸೋದೆ ಕಡೆ ತಿರುಗಿದಾಗ ಅಲ್ಲಿನ ಅರಸ ಗೋವಾಕ್ಕೆ ಓಡಿ ಪೋರ್ಚುಗೀಸರ ಆಶ್ರಯ ಕೇಳಿದ. ಫೋಂಡಾ, ಕಾಣಕೋಣದ ಸೀಮೆಗಳು ಹೀಗೆ ಅವರ ಪಾಲಾದವು. ಈ ಸಲ ಮಾತ್ರ ದೇವಸ್ಥಾನಗಳಿಗೆ ಕೈ ಹಾಕುವುದಿಲ್ಲ ಅಂತ ಮಾತು ಕೊಟ್ಟಿದ್ದರು. ಇವತ್ತು ನೀವು ಮಂಗೇಶಿಗೆ ಹೋಗಿ ಕೈ ಮುಗಿಯುವುದಕ್ಕೆ ಆಗುತ್ತಿರುವುದರ ಹಿಂದೆ ಇಷ್ಟೆಲ್ಲ ಇದೆ.

ದೇವರು ಫೋಂಡಾದಲ್ಲಿ ನಿಂತರೂ ಜನ ಅಲ್ಲೇ ನಿಲ್ಲಲಿಲ್ಲ. ಕಾರವಾರ, ಕುಮಟಾ, ಭಟ್ಕಳ, ಮಂಗಳೂರಿನ ತನಕ ಬಂದರು. ಬಂದವರಲ್ಲಿ ಸಾರಸ್ವತರು ಇದ್ದರು, ಕ್ರೈಸ್ತರೂ ಇದ್ದರು. ಮತಾಂತರವಾದ ಮೇಲೂ ಹಳೆಯ ಆಚಾರ ಉಳಿಸಿಕೊಂಡಿದ್ದಾರೆ ಅಂತ ಅನುಮಾನ ಬಂದರೆ ವಿಚಾರಣೆ ತಪ್ಪುತ್ತಿರಲಿಲ್ಲ. 1684ರಲ್ಲಿ ವೈಸ್‌ರಾಯ್ ಕೊಂಕಣಿ ಬಿಟ್ಟು ಪೋರ್ಚುಗೀಸ್ ಕಲಿಯಲು ಮೂರು ವರ್ಷದ ಗಡುವು ಕೊಟ್ಟ. ಆ ಆಜ್ಞೆ ಸೋತಿತು, ಮಾತು ಉಳಿಯಿತು. ಮಂಗಳೂರಿನ ಮನೆಗಳಲ್ಲಿ ಇವತ್ತು ಕೊಂಕಣಿ ಕೇಳುವಾಗ ನನಗೆ ಇದು ನೆನಪಾಗದೆ ಇರುವುದಿಲ್ಲ.

ಇನ್ನೊಂದು ಗುಂಪು ಕಡಲ ಕಡೆ ಬರಲಿಲ್ಲ, ಘಟ್ಟ ಹತ್ತಿತು. ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಆಫ್ರಿಕಾದ ಜನರನ್ನು ಗುಲಾಮರನ್ನಾಗಿ ಗೋವಾಕ್ಕೆ ತಂದರು. ಹಳೇ ಗೋವಾದಲ್ಲಿ ಅವರನ್ನು ಬೀದಿಯಲ್ಲಿ ಹರಾಜು ಹಾಕುತ್ತಿದ್ದರು. ಯಜಮಾನರ ಪಲ್ಲಕ್ಕಿ ಹೊರುವುದು, ಕೊಡೆ ಹಿಡಿಯುವುದು, ಮನೆಗೆಲಸ ಎಲ್ಲ ಅವರದೇ. ಅವರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಕಾಡಿನ ದಾರಿ ಹಿಡಿದು ಯಲ್ಲಾಪುರ, ಹಳಿಯಾಳ, ಅಂಕೋಲಾದ ಕಡೆ ಬಂದರು. ಅವರ ಮಕ್ಕಳೇ ನಮ್ಮ ಸಿದ್ದಿಗಳು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರು ಅವರಲ್ಲಿ ಇದ್ದಾರೆ. ಕೊಂಕಣಿ ಬೆರೆತ ಮಾತು, ಡಮಾಮಿ ಅನ್ನುವ ಡೋಲಿನ ಬಡಿತ. ಪರಿಶಿಷ್ಟ ಪಂಗಡ ಅಂತ ಅವರನ್ನು ಸೇರಿಸಿದ್ದು 2003ರಲ್ಲಿ. ಅಷ್ಟು ವರ್ಷ ಈ ನಾಡಿನಲ್ಲೇ ಹುಟ್ಟಿ ಬೆಳೆದವರನ್ನು ನೋಡಿ, ನೀವು ಯಾವ ದೇಶದವರು ಅಂತ ಈಗಲೂ ಬಸ್‌ಸ್ಟ್ಯಾಂಡಿನಲ್ಲಿ ಕೇಳುತ್ತಾರೆ. ನನಗೆ ಇದನ್ನು ಹೇಳುವಾಗ ಸಿಟ್ಟು ಬರುತ್ತದೆ. ಗೋವಾದ ಕಿಟಕಿಯ ಬಣ್ಣ ಗೊತ್ತಿರುವ ನಮಗೆ ಯಲ್ಲಾಪುರದ ನಮ್ಮದೇ ಜನರ ಕತೆ ಗೊತ್ತಿಲ್ಲ ಅಂದರೆ ಹೇಗೆ?

ಸರಿ, ಈಗ ಪಣಜಿಗೆ. ಈ ಊರು ರಾಜಧಾನಿಯಾದದ್ದು ಹಳೇ ಗೋವಾ ಸತ್ತದ್ದರಿಂದ. ಜ್ವರ, ಕಾಲರಾ ಮೇಲಿಂದ ಮೇಲೆ ಬಂದು ಆ ಪಟ್ಟಣ ಖಾಲಿಯಾಯಿತು. 1759ರಲ್ಲಿ ವೈಸ್‌ರಾಯ್ ತನ್ನ ವಾಸವನ್ನು ಪಣಜಿಯ ಅದೇ ಆದಿಲ್ ಶಾಹಿ ಅರಮನೆಗೆ ಬದಲಾಯಿಸಿದ. 1827ರಿಂದ 1835ರವರೆಗೆ ಆಳಿದ ಮಾನುಯೆಲ್ ದ ಪೋರ್ತುಗಾಲ್ ಇ ಕಾಸ್ತ್ರೊ ಜೌಗು ತುಂಬಿಸಿ ರಸ್ತೆ ಹಾಕಿಸಿದ. 1843ರಲ್ಲಿ ಅಧಿಕೃತವಾಗಿ ರಾಜಧಾನಿ. ಅಂದರೆ ನಾವು ನಾಲ್ಕೂವರೆ ಶತಮಾನದ್ದು ಅಂದುಕೊಳ್ಳುವ ಊರಿನ ಹೆಚ್ಚಿನ ಭಾಗ ಇನ್ನೂರು ವರ್ಷದ ಆಚೀಚಿನದು. ಮೆಟ್ಟಿಲುಗಳ ಮೇಲಿನ ಬಿಳಿ ಚರ್ಚ್ ನೋಡಿರುತ್ತೀರಿ. ಅದರ ದೊಡ್ಡ ಗಂಟೆ ಕೂಡ ಹಳೇ ಗೋವಾದಲ್ಲಿ ಪಾಳುಬಿದ್ದ ಅಗಸ್ಟಿನಿಯನ್ ಚರ್ಚಿನದು.

ಗೋವಾದವರು ಸುಮ್ನೆ ಕೂತಿರಲಿಲ್ಲ. 1787ರಲ್ಲಿ ಪಿಂಟೋ ಮನೆತನದವರು, ಪಾದ್ರಿಗಳು ಸೇರಿ ಸರ್ಕಾರ ಉರುಳಿಸಲು ಯೋಜನೆ ಹಾಕಿದರು, ಸಿಕ್ಕಿಬಿದ್ದರು, ಹಲವರು ನೇಣಿಗೆ ಹೋದರು. 1835ರಲ್ಲಿ ಗೋವಾದವನೇ ಆದ ಬೆರ್ನಾರ್ದೊ ಪೆರೆಸ್ ದ ಸಿಲ್ವಾ ಅಧಿಕಾರಕ್ಕೆ ಬಂದಾಗ ಮೂರು ವಾರ ತುಂಬುವ ಮೊದಲೇ ಸೈನ್ಯ ಅವನನ್ನು ಇಳಿಸಿತು. 1946ರ ಜೂನ್ 18ರಂದು ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಮಡಗಾಂವಿನಲ್ಲಿ ಸಭೆ ಮಾಡಿದರು. 1955ರ ಆಗಸ್ಟ್ 15ರಂದು ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು. ನಮ್ಮ ಕ್ಯಾಸಲ್ ರಾಕ್ ಆಗ ಗಡಿ ಸ್ಟೇಷನ್. ಆ ಕಡೆಯಿಂದಲೂ ಸತ್ಯಾಗ್ರಹಿಗಳು ಒಳಗೆ ಹೋಗಿದ್ದರು.

1961ರ ಡಿಸೆಂಬರ್ 19ರಂದು ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ ಶರಣಾದ. ಕೊನೆಯ ಸೈನಿಕನವರೆಗೂ ಹೋರಾಡಬೇಕು ಅಂತ ಲಿಸ್ಬನ್‌ನಿಂದ ಪೋರ್ಚುಗಲ್ಲಿನ ಸರ್ವಾಧಿಕಾರಿ ಸಲಾಜಾರ್ ಆಜ್ಞೆ ಕಳಿಸಿದ್ದ. ಈತ ಅದನ್ನು ಪಾಲಿಸಲಿಲ್ಲ. ಹಾಗಾಗಿಯೇ ಪಣಜಿ ಉಳಿಯಿತು. ಆ ಆದಿಲ್ ಶಾಹಿ ಅರಮನೆಯಲ್ಲಿ ಆಮೇಲೆ ಗೋವಾದ ಜನ ಆರಿಸಿದ ವಿಧಾನಸಭೆ ಕೂತಿತು, 2000ದಲ್ಲಿ ನದಿಯ ಆಚೆ ದಡದ ಪರ್ವರಿಗೆ ಹೋಗುವ ತನಕ.

ನನಗೆ ಗೊತ್ತಿರುವುದನ್ನು ಹೇಳಿದೆ. ಇನ್ನು ಪ್ರಶ್ನೆ ಕೇಳಿ. ಉತ್ತರ ಕನ್ನಡದವರು ಇದ್ದರೆ ನಿಮ್ಮ ಮನೆಯ ಹಿರಿಯರು ಯಾವ ಊರಿನಿಂದ, ಯಾವ ದೇವರ ಜೊತೆ ಬಂದೆವು ಅಂತ ಹೇಳುತ್ತಾರೋ ಅದನ್ನು ಮೊದಲು ಹೇಳಿ, ಬರೆದುಕೊಳ್ಳುತ್ತೇನೆ.